ಹೆಸರು ಬಿಟ್ಟ ಸಾಲು

ರೊಟ್ಟಿ ಬಡಿಯುವ ಸದ್ದಿನಲ್ಲೇ ಅತ್ತೆಯ ಮನಸ್ಸು ಹೇಗಿದೆಯೆಂದು ಉಜ್ವಲಾಗೆ ತಿಳಿಯುತ್ತಿತ್ತು. ಈ ಹೊತ್ತು ಅಂಗೈ ಕಲ್ಲಿನ ಮೇಲೆ ಬಿದ್ದಂತೆ ಬೀಳುತ್ತಿತ್ತು. ಅವಳು ಕನ್ನಡಿಯ ಮುಂದೆ ನಿಂತು ಬಾಚಣಿಗೆ ಹಿಡಿದುಕೊಂಡು ತಲೆ ಬಾಚದೆ, ಕನ್ನಡಿಯ ಮೂಲೆಗೆ ಗಂಡ ಅಶ್ವಜಿತ ಎಂದೋ ಅಂಟಿಸಿದ್ದ ಬಸ್ ಟಿಕೀಟನ್ನು ನೋಡುತ್ತಿದ್ದಳು. ಯಾವ ಊರಿಂದ ಯಾವ ಊರಿಗೆಂಬುದು ಮಾಸಿಹೋಗಿತ್ತು. ಯಾಕೆ ಅಂಟಿಸಿದ ಎಂದು ಕೇಳಬೇಕೆಂದು ಅವನಿದ್ದಾಗ ಅನ್ನಿಸಿರಲಿಲ್ಲ.

"ನಾಳಿ ಔರಾದಾಗ ವಧು-ವರರ ಮೇಳಾವ ಅದ," ಎಂದು ಶಾಲುಬಾಯಿ ಒಲೆಗೆ ಹೇಳುವವಳಂತೆ ಹೇಳಿದಳು. "ಊರ ಮಂದಿ ಹೆಸರೆಲ್ಲ ಆ ಡಬ್ಬ್ಯಾಗ ಹಾಕ್ತಿ. ನಿನ್ನ ಹೆಸರು ಹಾಕ್ಲಾಕ ಬೆರಳು ನೋಯ್ತಾವೇನು?"

"ನನ್ನ ಹೆಸರು ಅದರಾಗ ಅದರಿ, ಅತ್ತಿ."

"ಅದ. ಮದ್ವಿ ಆದಾಕಿ ಅಂತ ಅದ. ಮುದುಕಿಗಿ ಏನೂ ತಿಳಿಯಂಗಿಲ್ಲ ಅಂದ್ಕೊಂಡೀಯೇನು? ದತ್ತಾತ್ರಿಗಿ ಕೇಳೀನಿ." ರೊಟ್ಟಿ ಹಂಚಿಗೆ ಬಿತ್ತು. "ನನ್ನ ಮಗ ಸತ್ತಾನ. ನೀ ಸತ್ತಿಲ್ಲ. ನಿನ್ನ ಪಾಲಿಂದೂ ನಾನಾ ಅತ್ತೀನಿ, ನನಗ ಸಾಕಾಗ್ಯದ."

ಅದು ನಿಜವಾಗಿತ್ತು. ಉಜ್ವಲಾ ಅತ್ತಿರಲಿಲ್ಲ. ಅವನು ಹೋದ ಮೇಲಿನ ಪುಣ್ಯಾನುಮೋದನದ ದಿನ ಬಿಳಿ ಸೀರೆಯುಟ್ಟು, ವಿಹಾರದ ಭಂತೇಜಿ ಹೇಳಿಕೊಟ್ಟ ಗಾಥೆಗಳನ್ನು ತಪ್ಪಿಲ್ಲದೆ ಹೇಳಿ, ಬಂದವರಿಗೆಲ್ಲ ಎಲೆ ಹಾಕಿಸಿ, ಕೈ ತೊಳೆಯುವಲ್ಲಿ ನೀರು ಬರುತ್ತಿದೆಯೇ ಎಂದು ನೋಡಿ ಬಂದಿದ್ದಳು. ಭಾರೀ ಗಟ್ಟಿ ಹೆಣ್ಣು ಎಂದು ಯಾರೋ ಮೆಚ್ಚಿಕೊಂಡಿದ್ದರು. ಆ ಮೆಚ್ಚುಗೆ ಸೀರೆಯ ನೆರಿಗೆಯಲ್ಲಿ ಸಿಕ್ಕಿದ ಮುಳ್ಳಿನ ಹಾಗೆ ಉಳಿದಿತ್ತು. ಅವಳು ಗಟ್ಟಿಯಾಗಿರಲಿಲ್ಲ. ಒಳಗೆ ಯಾರೋ ದೀಪ ಆರಿಸಿ ಬಾಗಿಲು ಹಾಕಿಕೊಂಡು ಹೋದಂತಿತ್ತು. ಕದ ತಟ್ಟಲೂ ಅವಳಿಗೆ ಮನಸ್ಸಿರಲಿಲ್ಲ. ಆ ಮನೆ ಹಾಗೇ ಕತ್ತಲಾಗಿ ಇದ್ದಿದ್ದರೆ ಅತ್ತೆಯ ಮಾತು ಅವಳಿಗೆ ತಾಗುತ್ತಿರಲಿಲ್ಲ. ಆದರೆ ಹೋದ ವಾರ ಭಾಲ್ಕಿಯಿಂದ ಬರುವ ಬಸ್ಸು ಹಲಬರ್ಗಾದ ಹತ್ತಿರ ಗಕ್ಕನೆ ನಿಂತಾಗ, ಪಕ್ಕದಲ್ಲಿ ನಿಂತಿದ್ದ ಯಾವನೋ ಒಬ್ಬನ ತೋಳು ಅವಳ ಭುಜಕ್ಕೆ ಒತ್ತಿತ್ತು. ಅವನ ಅಂಗಿಯಿಂದ ಇಸ್ತ್ರಿಯ ಬಿಸಿ ವಾಸನೆ ಬರುತ್ತಿತ್ತು. ಅವನು ಸಾರಿ ಎಂದು ಸರಿದ. ಸರಿದದ್ದು ಅವನು. ಅವಳಲ್ಲ.

ವಧು-ವರ ಪರಿಚಯ ಕೇಂದ್ರವೆಂದರೆ ಬೀದರದ ವಿಹಾರದ ಮಗ್ಗುಲಿಗೆ ಇದ್ದ ಒಂದು ಕೋಣೆ. ಒಂದು ಮೇಜು, ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟ, ಮೂಲೆಯಲ್ಲಿ ಮೇಳಾವದ ಹಳೆಯ ಬ್ಯಾನರುಗಳ ಸುರುಳಿ. ನಿವೃತ್ತ ಹೆಡ್‌ಮಾಸ್ತರ ದತ್ತಾತ್ರಿ ಕಾಕಾ ಅದನ್ನು ನಡೆಸುತ್ತಿದ್ದರು. ಬೀದರ, ಭಾಲ್ಕಿ, ಔರಾದದ ಬೌದ್ಧ ಮನೆಗಳಲ್ಲಿ ಹುಡುಗ ಹುಡುಗಿ ವಯಸ್ಸಿಗೆ ಬಂದರೆ ತಂದೆ-ತಾಯಿ ಇಲ್ಲಿ ಬಂದು ಹೆಸರು ಬರೆಸುತ್ತಿದ್ದರು. ಮೊದಲು ಎಲ್ಲ ಕಾಗದದ ಮೇಲಿತ್ತು. ಅಶ್ವಜಿತ ಬಂದು ಅದನ್ನೆಲ್ಲ ಒಂದು ಸಣ್ಣ ಡೇಟಾಬೇಸಿಗೆ ಹಾಕಿದ. ಇಡೀ ಸಮಾಜ ಒಂದೇ ಫೈಲಿನಲ್ಲಿ, ಒಂದು ಫೋಟೋದಷ್ಟೂ ಜಾಗ ಹಿಡಿಯದೆ ಕೂತುಬಿಟ್ಟಿತು. ಅದನ್ನು ತೆರೆಯಲು ಗುಂಡಿಗಳಿಲ್ಲ, ಬಣ್ಣದ ಕಿಟಕಿಗಳಿಲ್ಲ. ಎಸ್‌ಕ್ಯೂಲೈಟ್ ಎಂದು ಟೈಪು ಮಾಡಿದರೆ ಕಪ್ಪು ಪರದೆಯ ಮೇಲೆ ಒಂದು ಗೀಟು ಮಿನುಗುತ್ತ ನಿಲ್ಲುತ್ತದೆ. ಬೇಕಾದ್ದನ್ನು ಪೂರ್ತಿ ವಾಕ್ಯದಲ್ಲಿ ಬರೆದು ಕೇಳಬೇಕು, ಕೊನೆಗೆ ಅರ್ಧವಿರಾಮದ ಚಿಹ್ನೆ ಇಡಬೇಕು. ಆಮೇಲೆಯೇ ಅದು ಮಾತು ಮುಗಿಯಿತೆಂದು ತಿಳಿದು ಕೆಲಸ ಮಾಡುತ್ತದೆ. ಚಿಹ್ನೆ ಇಡದೆ ಎಂಟರ್ ಒತ್ತಿದರೆ ಮೂರು ಚುಕ್ಕಿ ತೋರಿಸಿ, ಮುಂದೆ ಹೇಳು ಎಂಬಂತೆ ಕಾಯುತ್ತದೆ. ತಪ್ಪಿದ್ದರೆ ಗೊಣಗುತ್ತದೆ. ಸರಿಯಿದ್ದರೆ ಏನೂ ಅನ್ನುವುದಿಲ್ಲ. "ನಿನ್ನ ಹಂಗ," ಎಂದು ಅಶ್ವಜಿತ ಅನ್ನುತ್ತಿದ್ದ. ಕಲಬುರ್ಗಿಯ ವಿಶ್ವವಿದ್ಯಾಲಯದಲ್ಲಿ ಎಂಸಿಎ ಓದಿದವಳು ಅವಳು. ಅವನು ಪುಸ್ತಕ ನೋಡಿ ತಾನೇ ಕಲಿತವನು. ಆದರೂ ಒಂದು ಪಾಠವನ್ನು ಅವನೇ ಅವಳಿಗೆ ಮತ್ತೆ ಮತ್ತೆ ಹೇಳುತ್ತಿದ್ದ: ಏನನ್ನಾದರೂ ಬದಲಿಸುವ ಮುಂಚೆ ಬಿಗಿನ್ ಎಂದು ಬರೆ. ಆಗ ನೀನು ಮಾಡಿದ್ದು ನಿನಗೆ ಮಾತ್ರ ಕಾಣುತ್ತದೆ, ಫೈಲಿಗೆ ಇಳಿಯುವುದಿಲ್ಲ. ನೋಡು, ಸರಿ ಅನ್ನಿಸಿದರೆ ಕಮಿಟ್ ಎನ್ನು. ಇಲ್ಲವಾದರೆ ಹಾಗೇ ಎದ್ದು ಹೋಗು, ಏನೂ ಆಗಿರುವುದಿಲ್ಲ.

ಅವಳ ಹೆಸರೂ ಅದರಲ್ಲಿತ್ತು. ಅವನದೂ. ಆ ಕಪ್ಪು ಪರದೆಯಲ್ಲೇ ಅವರಿಬ್ಬರೂ ಒಬ್ಬರನ್ನೊಬ್ಬರು ಕಂಡದ್ದು. ಮದುವೆಯಾದವರ ಸಾಲನ್ನು ಅಶ್ವಜಿತ ಅಳಿಸುತ್ತಿರಲಿಲ್ಲ; ಸ್ಥಿತಿ ಎಂಬ ಅಂಕಣದಲ್ಲಿ ಅವಿವಾಹಿತ ಎಂದಿದ್ದುದನ್ನು ವಿವಾಹಿತ ಎಂದು ಮಾಡಿ, ಪಕ್ಕದಲ್ಲಿ ಜೋಡಿಯ ಸಂಖ್ಯೆ ಬರೆಯುತ್ತಿದ್ದ. ಆ ಅಂಕಣಕ್ಕೆ ಅವನು ಬೇಲಿ ಹಾಕಿದ್ದ: ಅವಿವಾಹಿತ, ವಿವಾಹಿತ, ವಿಧವೆ, ವಿಧುರ, ವಿಚ್ಛೇದಿತ. ಇವನ್ನು ಬಿಟ್ಟು ಬೇರೆ ಮಾತು ಬರೆದರೆ ಒಳಗೆ ಬಿಡುವುದಿಲ್ಲ. ಅವನು ಸತ್ತ ಮೇಲೆ ಒಮ್ಮೆ ಅವಳು ಅವನ ಸಾಲಿನ ಮುಂದೆ ತುಂಬ ಹೊತ್ತು ಕೂತಿದ್ದಳು. ಸತ್ತವರಿಗೆ ಅದರಲ್ಲಿ ಮಾತಿರಲಿಲ್ಲ. ಬೇಲಿ ಹಾಕುವಾಗ ಅವನಿಗೆ ಅದು ಹೊಳೆದಿರಲಿಲ್ಲ. ಮದುವೆಯ ಪಟ್ಟಿಯಲ್ಲಿ ಯಾರು ಸಾವನ್ನು ನೆನೆಯುತ್ತಾರೆ?

ಡೆಂಗೀ ಜ್ವರದಲ್ಲಿ ಅವನು ದವಾಖಾನೆಯ ಮಂಚದ ಮೇಲಿದ್ದಾಗಲೂ ಅವಳು ಮಗ್ಗುಲಿನ ಸ್ಟೂಲಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಹೊಸ ಹೆಸರು ಹಾಕುತ್ತಿದ್ದಳು. ಯಾವುದೋ ಮೇಳಾವ ಹತ್ತಿರವಿತ್ತು. ಜ್ವರ ಇಳಿಯುತ್ತಿದೆ ಎಂದಿದ್ದರು. ಅವನು ನೀರು ಕೇಳಿದ. "ಒಂದು ನಿಮಿಷ, ಇದು ಮುಗೀಲಿ," ಎಂದಳು. ಅವನು ನಕ್ಕ. ತುಟಿ ಒಡೆದಿದ್ದವು. "ನಾ ಮಾಡಿದ್ದು ಅದು. ಅದಕ್ಕ ಯಾವತ್ತೂ ಒಂದು ನಿಮಿಷ ಹತ್ತಂಗಿಲ್ಲ," ಎಂದ. ಆಮೇಲೆ ಅವಳು ನೀರು ಕೊಟ್ಟಳು. ಕೊಡಲಿಲ್ಲವೆಂದಲ್ಲ. ಅವನು ಕುಡಿದ ಕೂಡ. ಸತ್ತದ್ದು ಮರುದಿನ, ಬೇರೆಯೇ ಕಾರಣಕ್ಕೆ, ರಕ್ತದ ಯಾವುದೋ ಕಣ ಇಳಿದು. ಯಾರಿಗೆ ಹೇಳಿದರೂ ಇದರಲ್ಲಿ ನಿನ್ನ ತಪ್ಪೇನು ಎಂದೇ ಕೇಳುತ್ತಿದ್ದರು. ಅದಕ್ಕೇ ಅವಳು ಯಾರಿಗೂ ಹೇಳಿರಲಿಲ್ಲ.

ಕೇಂದ್ರದ ಬಾಗಿಲು ತೆರೆದಾಗ ಯಾರೂ ಬಂದಿರಲಿಲ್ಲ. ಕಾಕಾ ಶಾಮಿಯಾನದವನ ಕೂಡ ಮಾತಾಡಲು ಹೋಗಿದ್ದರು. ಕಿಟಕಿಯಿಂದ ಕೆಂಪು ಜಂಬಿಟ್ಟಿಗೆಯ ಗೋಡೆ, ಅದರ ಮೇಲೆ ಒಣಗಲು ಹಾಕಿದ ಯಾರದೋ ದುಪ್ಪಟ್ಟಾ. ಉಜ್ವಲಾ ಪರದೆ ತೆರೆದಳು. ಕೈ ತಾನಾಗಿಯೇ ಬರೆಯತೊಡಗಿತು, ಬೇರೆಯವರ ಸಾಲನ್ನು ತಿದ್ದುವಾಗಿನ ಅದೇ ಸಲೀಸು. ಅಪ್‌ಡೇಟ್, ವ್ಯಕ್ತಿಗಳ ಪಟ್ಟಿ, ಸ್ಥಿತಿ ಇನ್ನು ಮೇಲೆ ವಿಧವೆ. ಬಿಗಿನ್ ಎಂದು ಬರೆದಿರಲಿಲ್ಲ. ಅದನ್ನು ಬರೆದರೆ ತಾನು ನಿಜವಾಗಿಯೂ ಇದನ್ನು ಮಾಡಲು ಹೊರಟಂತೆ ಆಗುತ್ತಿತ್ತು. ಎಂಟರ್ ಒತ್ತಿದಳು. ಮೂರು ಚುಕ್ಕಿ ಬಂದವು. ಇನ್ನು ವೇರ್ ಎಂದು ಬರೆಯಬೇಕು: ಯಾರ ಸಾಲಿನಲ್ಲಿ, ಯಾವ ಹೆಸರಿನ ಮುಂದೆ. ಅಲ್ಲಿ ಅವಳ ಬೆರಳು ನಿಂತಿತು. ಉಜ್ವಲಾ ಎಂಬ ಆರು ತಟ್ಟಿನ ಕೆಲಸ. ಬಸ್ಸಿನಲ್ಲಿ ಸರಿಯದೆ ನಿಂತ ಭುಜ ನೆನಪಾಯಿತು. ಇದನ್ನು ಬರೆದರೆ ಅತ್ತೆಗಾಗಿ ಬರೆದೆ ಎನ್ನಬಹುದು. ಬರೆಯುತ್ತಿರುವುದು ಅತ್ತೆಗಾಗಿ ಅಲ್ಲ ಎಂದು ಮೂರು ಚುಕ್ಕಿಗಳಿಗೆ ಗೊತ್ತಿತ್ತು.

"ಜೈ ಭೀಮ, ಬಾಯಾರ!"

ಬಾಗಿಲಲ್ಲಿ ಭಾಲ್ಕಿಯ ಪಂಢರಿ ನಿಂತಿದ್ದ. ಅವನು ರೈಲು ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ ಸಂಘಪಾಲ ಎಂಬ ಹುಡುಗನ ಸೋದರಮಾವ. ಠಾಣಾ ಕುಶನೂರಿನ ಕರುಣಾ ಎಂಬ ಹುಡುಗಿಯನ್ನು ಅವರು ನೋಡಿ ಬಂದಿದ್ದರು. ನಾಳೆ ಮೇಳಾವದಲ್ಲಿ ಮಾತು ಪಕ್ಕಾ ಆಗುವುದಿತ್ತು. ಬೇರೆಯವರ ಹಾಸಿಗೆಯಲ್ಲಿ ಸಿಕ್ಕಿಬಿದ್ದವಳ ಹಾಗೆ ಉಜ್ವಲಾಳ ಮೈ ಬಿಸಿಯಾಯಿತು. ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಮುಚ್ಚಬೇಕೆನ್ನುವ ಆತುರದಲ್ಲಿ ಅವಳ ಕಿರುಬೆರಳು, ಎಷ್ಟೋ ವರ್ಷದ ರೂಢಿಯಂತೆ, ಅರ್ಧವಿರಾಮವಿಟ್ಟು ಎಂಟರ್ ಒತ್ತಿತು. ಪರದೆ ಏನೂ ಅನ್ನಲಿಲ್ಲ. ಗೀಟು ಮೊದಲಿನಂತೆ ಮಿನುಗಿತು.

"ಹುಡುಗಿ ಪರಿಚಯದ ಚೀಟಿ ಒಂದು ಕೊಡ್ರಿ. ನಮ್ಮ ಅಕ್ಕಗ ಕೈಯಾಗ ಕಾಗದ ಬೇಕ್ರಿ. ಮಾತಿನ ಮ್ಯಾಗ ಆಕಿಗಿ ಭರೋಸಾ ಇಲ್ಲ, ನನ್ನ ಮಾತಿನ ಮ್ಯಾಗಂತೂ ಹುಟ್ಟಿದಾಗಿಂದ ಇಲ್ಲ."

ಚೀಟಿ ತೆಗೆಯುವ ಆಜ್ಞೆ ಸಿದ್ಧವಾಗಿಯೇ ಇತ್ತು. ಕರುಣಾಳ ಸಂಖ್ಯೆ ಹಾಕಿ ಅವಳು ಫೈಲನ್ನು ಮಗ್ಗುಲಿನ ಝೆರಾಕ್ಸ್ ಅಂಗಡಿಯ ಉಸ್ಮಾನ ಮಿಯಾನ ಫೋನಿಗೆ ಕಳಿಸಿದಳು, ತೆರೆದು ನೋಡದೆ. ನೋಡಿದರೆ ಪಂಢರಿ ತನ್ನ ಮುಖ ನೋಡುತ್ತಾನೆ ಎನ್ನಿಸಿತ್ತು. "ಅಲ್ಲೇ ತಗೋರಿ," ಎಂದಳು. ಅವನು ಗಾಡಿಗೆ ಹೊತ್ತಾಯಿತೆಂದು ಹೋದ. ಗೋಡೆಯಾಚೆ ಉಸ್ಮಾನ ಮಿಯಾ ಪ್ರಿಂಟರಿಗೆ ಬೈಯುವುದು, ಆಮೇಲೆ "ಲೇಲೋ ಮಾಮೂ, ಗರಮಾಗರಂ ಹೈ" ಎಂದು ಕಾಗದ ಕೊಡುವುದು ಕೇಳಿಸಿತು.

ಅರ್ಧ ವಾಕ್ಯಕ್ಕೆ ಅದು ಗೊಣಗಬೇಕಿತ್ತಲ್ಲ ಎಂದು ಆಮೇಲೆ ಹೊಳೆಯಿತು. ತನ್ನ ಸಾಲು ಕೇಳಿದಳು. ಉಜ್ವಲಾ, ವಿಧವೆ. ಹೆಸರು ಬರೆದೆನೇ ನಾನು? ಜೋಡಿಯ ಸಂಖ್ಯೆ ಹಿಡಿದು ಅವನ ಸಾಲು ಕೇಳಿದಳು. ಅಶ್ವಜಿತ, ವಿಧವೆ. ಕ್ಷಣಹೊತ್ತು ಅದೂ ಸರಿಯೆಂದೇ ಕಂಡಿತು. ಸತ್ತವನು ಅವನಾದರೂ ಬಿಟ್ಟುಹೋದವಳು ತಾನೇ ಇರಬಹುದು. ಅಲ್ಲಿ ಎಲ್ಲೋ ಅವನೂ ಒಬ್ಬನೇ ಇರಬಹುದು. ಆಮೇಲೆ ಎಲ್ಲರನ್ನೂ ಕೇಳಿದಳು. ಹೆಸರುಗಳು ಪರದೆಯ ಮೇಲೆ ಮಳೆಯಂತೆ ಇಳಿದವು. ಹುಮನಾಬಾದದ ನರ್ಸು, ವಿಧವೆ. ಕಮಲನಗರದ ಶಿಕ್ಷಕ, ವಿಧವೆ. ಮದುವೆಯಾಗಿ ಮಕ್ಕಳಾದವರು, ಮೊನ್ನೆ ಮೊನ್ನೆ ಹೆಸರು ಬರೆಸಿದ ಡಿಗ್ರಿ ಹುಡುಗಿಯರು, ಮೀಸೆ ತಿರುವಿ ಫೋಟೋ ಕೊಟ್ಟವರು, ಎಲ್ಲರೂ. ಯಾರ ಮುಂದೆ ಎಂದು ಅವಳು ಹೇಳಿರಲಿಲ್ಲ. ಅದಕ್ಕೇ ಅದು ಎಲ್ಲರ ಮುಂದೆ ಬರೆದಿತ್ತು. ತನ್ನ ಹೆಸರೊಂದನ್ನು ಬರೆಯಲು ನಾಚಿ ಅವಳು ಇಡೀ ಜಿಲ್ಲೆಯನ್ನು ರಂಡೆ ಮಾಡಿ ಕೂತಿದ್ದಳು.

ಸರಿಮಾಡುವುದು ಕಷ್ಟವಾಗಲಿಲ್ಲ, ಅದೇ ಹೆಚ್ಚು ಕಷ್ಟವೆನಿಸಿತು. ಪ್ರತಿ ರಾತ್ರಿ ಫೈಲಿನ ನಕಲು ತಾನಾಗಿ ಬೇರೊಂದು ಕಡೆ ಹೋಗಿ ಕೂರುವ ಹಾಗೆ ಅಶ್ವಜಿತ ಮಾಡಿಟ್ಟಿದ್ದ. ಅವನು ಹೋದ ಮೇಲೂ ಅದು ನಿಲ್ಲದೆ ನಡೆದಿತ್ತು. ನಿನ್ನೆಯ ನಕಲನ್ನು ತಂದು ಜಾಗದಲ್ಲಿಟ್ಟಳು. ಹುಡುಗಿಯರು ಮತ್ತೆ ಅವಿವಾಹಿತರಾದರು. ಅವಳೂ ಮತ್ತೆ ವಿವಾಹಿತೆಯಾದಳು. ಆದ ತಪ್ಪಿನ ಗುರುತು ಎಲ್ಲಿಯೂ ಉಳಿಯಲಿಲ್ಲ. ಸತ್ತ ಗಂಡ ಹೆಂಡತಿಯ ಮಾನ ಕಾಯ್ದಂತಾಯಿತು, ಅವಳು ಅವನನ್ನು ಬಿಟ್ಟು ಹೋಗಲು ನೋಡಿದ ದಿನವೇ. ಆಮೇಲೆ ಪಂಢರಿಯ ಕೈಯಲ್ಲಿದ್ದ ಕಾಗದ ನೆನಪಾಯಿತು. ಅವನ ನಂಬರಿಗೆ ಫೋನು ಮಾಡಿದಳು. ಹತ್ತಲಿಲ್ಲ. ಮತ್ತೆ ಮಾಡಿದಳು. ಗಾಡಿಯಲ್ಲಿದ್ದವನು ಎತ್ತಲಿಲ್ಲ.

ಮಧ್ಯಾಹ್ನ ದತ್ತಾತ್ರಿ ಕಾಕಾ ಒಳಗೆ ಬಂದವರು ಕುರ್ಚಿಯ ಮೇಲೆ ಕೂರಲಿಲ್ಲ. "ಏನ್ ಮಾಡಿಟ್ಟೀದಿ ಉಜ್ವಲಾ? ಸಂಘಪಾಲನ ತಾಯಿ ಚಂದ್ರಭಾಗಾಬಾಯಿ ಫೋನಿನ್ಯಾಗ ಬೆಂಕಿ ಆಗ್ಯಾಳ. ಹುಡುಗಿ ಚೀಟಿ ಮ್ಯಾಗ ವಿಧವಾ ಅಂತ ಅದಂತ. ಕುಶನೂರಿಗಿ ಫೋನ್ ಹಚ್ಚಿ ಕರುಣಾನ ಅಪ್ಪಗ, ಒಮ್ಮಿ ನಡೆದ ಗಾಡಿ ಹೊಸಾದು ಅಂತ ಮಾರ್ತೀರೇನು ಅಂತ ಕೇಳ್ಯಾಳ."

ಉಜ್ವಲಾ ಲ್ಯಾಪ್‌ಟಾಪಿನ ಮುಚ್ಚಳ ಅರ್ಧ ಇಳಿಸಿದಳು.

"ಕಂಪ್ಯೂಟರ್ ಗಲತಿ ಅಲಾ?" ಕಾಕಾ ತಾವೇ ಉತ್ತರ ಕೊಟ್ಟುಕೊಂಡರು. "ಹಂಗಾ ಹೇಳು. ಸರಿ ಚೀಟಿ ತಗೊಂಡು ಈಗಿಂದೀಗ ಭಾಲ್ಕಿಗಿ ಹೋಗು. ಇದರ ಮ್ಯಾಗ ಒಂದಕ್ಷರ ಹೇಳಬ್ಯಾಡ."

ಬಸ್ಸಿನಲ್ಲಿ ಅವಳು ಕಿಟಕಿಗೆ ಕೂತಳು. ತೊಗರಿಯ ಹೊಲ, ಕಬ್ಬಿನ ಟ್ರಾಕ್ಟರು, ಮತ್ತೆ ತೊಗರಿ. ಪಕ್ಕದ ಸೀಟಿನಲ್ಲಿ ಮಗುವೊಂದು ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಏನು ಹೇಳಬೇಕೆಂದು ಅವಳು ಜೋಡಿಸಿಕೊಂಡಳು. ನಿಜ ಹೇಳುವುದಾದರೆ ಎಲ್ಲಿಂದ ಸುರುಮಾಡಬೇಕು? ನಾನು ನನ್ನ ಸಾಲು ತಿದ್ದುತ್ತಿದ್ದೆ. ಯಾಕೆ ತಿದ್ದುತ್ತಿದ್ದಿ? ಆ ಯಾಕೆಗೆ ಉತ್ತರವಾಗಿ ಇಸ್ತ್ರಿಯ ವಾಸನೆ ಬರುತ್ತಿತ್ತು. ಹಲಬರ್ಗಾ ಬಂದು ಹೋಯಿತು. ಬಸ್ಸು ಈ ಸಲ ಮೆಲ್ಲಗೆ ನಿಂತಿತು, ಯಾರೂ ಯಾರಿಗೂ ತಾಗಲಿಲ್ಲ, ಅವಳಿಗೆ ಅದು ಗೊತ್ತಾಯಿತು, ಗೊತ್ತಾದದ್ದಕ್ಕೆ ಮುಖ ತಿರುಗಿಸಿ ತೊಗರಿಯನ್ನೇ ನೋಡಿದಳು.

ಚಂದ್ರಭಾಗಾಬಾಯಿ ಅಂಗಳದಲ್ಲಿ ಹೆಸರುಕಾಳು ಕೇರುತ್ತಿದ್ದಳು. ದಪ್ಪ ಹೆಂಗಸು, ನಕ್ಕರೆ ಮೈಯೆಲ್ಲ ನಗುವಂಥದ್ದು. ಹೊಸ ಚೀಟಿಯನ್ನು ಮಗನಿಂದ ಎರಡು ಸಲ ಓದಿಸಿದಳು. ಸಂಘಪಾಲ ಓದಿ, ತಲೆಯೆತ್ತದೆ ಒಳಗೆ ಹೋದ.

"ಕಂಪ್ಯೂಟರ್ ಗಲತಿರಿ," ಎಂದಳು ಉಜ್ವಲಾ.

"ಅಯ್ಯ ನಮ್ಮವ್ವ! ಎದಿ ಒಡದು ನೀರಾಗಿತ್ತು ನಂದು." ಮೊರ ಕೆಳಗಿಟ್ಟಳು. "ಇರೋನು ಒಬ್ಬ ಮಗ. ಸರಕಾರಿ ನೌಕರಿ. ಅಂಥಾವಗ ವಿಧವಾ ತಂದ್ರ ಮಂದಿ ಏನಂತಾರ? ನೀನಾ ಹೇಳು, ವಿಧವಾ ಅಂದ್ರ ಯಾರು ಮಾಡ್ಕೋತಾರ?"

ಉಜ್ವಲಾ ತಲೆಯಾಡಿಸಿದಳು. ಹೌದು ಎಂಬಂತೆ. ಕೊರಳಿನಲ್ಲಿ ಮೊದಲಿನಿಂದಲೂ ಸಣ್ಣ ಸರ ಬಿಟ್ಟು ಏನೂ ಹಾಕುತ್ತಿರಲಿಲ್ಲವಾದ್ದರಿಂದ ಅವಳು ವಿಧವೆಯೆಂಬುದನ್ನು ಅವಳ ಮೈ ಬಿಟ್ಟುಕೊಡಲಿಲ್ಲ. ಚಹಾ ಬಂತು. ಕುಡಿದಳು. ಸಕ್ಕರೆ ಹೆಚ್ಚಾಗಿತ್ತು. "ನಿಮ್ಮ ಯಜಮಾನ್ರು ಏನ್ ಮಾಡ್ತಾರ?" ಎಂದು ಚಂದ್ರಭಾಗಾಬಾಯಿ ಕೇಳಿದಳು. "ಅವರೂ ಕಂಪ್ಯೂಟರ್ ಕೆಲಸಾನಾ ರಿ," ಎಂದಳು ಉಜ್ವಲಾ. ಹೇಳಿದ ಮೇಲೆ ಬಸಿಯ ತಳದಲ್ಲಿ ಉಳಿದ ಚರಟ ನೋಡಿದಳು. ಸುಳ್ಳಲ್ಲ. ಅವನು ಮಾಡಿದ ಕೆಲಸ ಇನ್ನೂ ನಡೆದೇ ಇತ್ತು. ಪಟ್ಟಿಯಲ್ಲೂ ಹಾಗೇ ಇತ್ತು, ವಿವಾಹಿತ ಎಂದು. ಎಲ್ಲ ಕಾಗದವೂ ಅವಳ ಕಡೆಗೇ ಇತ್ತು.

ಮನೆಗೆ ಬಂದು ಹಸಿವಿಲ್ಲವೆಂದು ಊಟ ಬಿಟ್ಟಳು. ಶಾಲುಬಾಯಿ ಬಾಗಿಲಲ್ಲಿ ನಿಂತು ನೋಡಿ, ಮಜ್ಜಿಗೆ ಇಟ್ಟು ಹೋದಳು.

ಔರಾದದ ಸಮುದಾಯ ಭವನದಲ್ಲಿ ಮರುದಿನ ಮುಂಜಾನೆಯೇ ಜನ ತುಂಬಿತ್ತು. ಗಡಿಯಾಚೆ ಉದಗೀರ, ದೇಗಲೂರಿನಿಂದಲೂ ಜೀಪು ಮಾಡಿಕೊಂಡು ಬಂದಿದ್ದರು. ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ವೇದಿಕೆ ಹತ್ತಿ ನಿಂತಾಗ, ದತ್ತಾತ್ರಿ ಕಾಕಾ ಮೈಕಿನಲ್ಲಿ ಅವರ ಚೀಟಿ ಓದುತ್ತಿದ್ದರು. ಚೀಟಿಗಳನ್ನು ಸಾಲಿಗೆ ಹಚ್ಚಿ ಕಾಕಾರ ಕೈಗೆ ಕೊಡುವುದು, ಹೊಸಬರ ಹೆಸರು ಹಾಕುವುದು ಉಜ್ವಲಾಳ ಕೆಲಸ. ವೇದಿಕೆಯ ಬುಡದಲ್ಲಿ ಅವಳ ಮೇಜು. ಶಾಲುಬಾಯಿ ಹೆಂಗಸರ ನಡುವೆ ಎರಡನೇ ಸಾಲಿನಲ್ಲಿ ಕೂತು ಎಲ್ಲ ಹುಡುಗಿಯರ ಎತ್ತರದ ಮೇಲೆ ತೀರ್ಪು ಹೇಳುತ್ತಿದ್ದಳು. "ನಮ್ಮ ಸಮಾಜದಾಗ," ಎಂದು ಕಾಕಾ ಮೊದಲಿಗೇ ಗುಡುಗಿದ್ದರು, "ವಿಧವಾ ಅನ್ನೋದು ಕಳಂಕ ಅಲ್ಲ. ಆ ಮಾತೇ ನಮ್ಮಲ್ಲಿ ಇಲ್ಲ." ಚಪ್ಪಾಳೆ ಬಿದ್ದಿತ್ತು. ಚಂದ್ರಭಾಗಾಬಾಯಿಯೂ ಬಳೆ ಸದ್ದಾಗುವ ಹಾಗೆ ತಟ್ಟಿದ್ದಳು.

ಕರುಣಾ ಮೇಜಿನ ಮುಂದೆ ಬಂದು ನಿಂತಳು. ಔರಾದದಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ಹೊಸ ಸೀರೆ, ಕಣ್ಣು ಮಾತ್ರ ಹೊಸದಾಗಿರಲಿಲ್ಲ.

"ಅಕ್ಕಾ, ನಿನ್ನಿ ಭಾಲ್ಕಿಗಿ ಹೋಗಿ ಹೇಳಿ ಬಂದೀರಂತ. ಉಪಕಾರ ಆಯ್ತು."

"ಇಲ್ಲವ್ವ..."

"ಆದ್ರ ಏನ್ ಉಪಯೋಗ ಆಗ್ಯದ ಕೇಳ್ರಿ. ಇವತ್ತ ಮುಂಜಾನಿ ಅವರ ಪಂಢರಿ ಮಾಮಾ ನಮ್ಮ ಊರಿಗಿ ಬಂದಾರ. ಮನಿ ಮನಿಗಿ ಹೋಗ್ಯಾರ. ಈ ಹುಡುಗಿಗಿ ಮೊದಲ ಎಲ್ಲಾರ ಕೊಟ್ಟಿದ್ರೇನು, ಗಂಡ ಏನಾರ ಸತ್ತಾನೇನು ಅಂತ. ಕಿರಾಣಿ ಅಂಗಡ್ಯಾಗ ಕೇಳ್ಯಾರ. ಸಾಲಿ ಮಾಸ್ತರಗ ಕೇಳ್ಯಾರ. ಇಲ್ಲ ಅಂತಾನಾ ಎಲ್ಲರೂ ಹೇಳ್ಯಾರ. ಆದ್ರ ಕೇಳಿದ್ದು ಊರಾಗ ಉಳೀತದಲ್ರಿ? ನಮ್ಮಪ್ಪ ಹೊರಗ ಬರ್ಲಾಕ ತಯಾರಿಲ್ಲ."

ಪೇಡೆಯ ಡಬ್ಬಿ ಹಿಡಿದು ಚಂದ್ರಭಾಗಾಬಾಯಿ ಅತ್ತ ಕಡೆಯಿಂದ ಬರುತ್ತಿದ್ದಳು. ಮಾತಿನ ಬಾಲ ಕಿವಿಗೆ ಬಿದ್ದಿರಬೇಕು. "ಅಲ್ಲ ಮಗಳಾ, ಸಿಟ್ಟಾಗಬ್ಯಾಡ. ಹೊಗಿ ಕಂಡ ಮ್ಯಾಲ ಒಲಿ ನೋಡ್ಬೇಕಲ್ಲ? ಹುಡುಗನ ತಾಯಿ ನಾನು."

ಕರುಣಾ ಅವಳ ಕಡೆ ತಿರುಗಲಿಲ್ಲ. "ನಾನೂ ಮಷೀನ್ ನಡಸ್ತೇನಿ ಅಕ್ಕಾ. ಒಳಗ ಹಾಕಿದ್ದಾ ಹೊರಗ ಬರ್ತದ. ಮಷೀನು ತಾನಾ ರಕ್ತ ಹುಟ್ಟಸಂಗಿಲ್ಲ. ಆ ಮಾತು ಎಲ್ಲಿಂದ ಬಂತು? ಯಾರಾರ ಬೇಕಂತಾ ಹಾಕ್ಸ್ಯಾರೇನು? ಖರೆ ಹೇಳ್ರಿ. ನನಗ ಯಾರ ಮ್ಯಾಲೂ ಸಂಶ್ಯ ಇಟ್ಕೊಂಡು ಬಾಳ್ವಿ ಮಾಡ್ಲಾಕ ಬರಂಗಿಲ್ಲ."

ಕಂಪ್ಯೂಟರ್ ಗಲತಿ ಎಂಬ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ನಿನ್ನೆ ಅದಕ್ಕೆ ಸಿಹಿ ಚಹಾ ಸಿಕ್ಕಿತ್ತು. ಅದನ್ನು ಹೇಳಿದರೆ ಕರುಣಾ ಹೋಗುತ್ತಾಳೆ, ವೇದಿಕೆ ಹತ್ತುತ್ತಾಳೆ, ಭಾಲ್ಕಿಯ ಮನೆಯಲ್ಲಿ ಹೆಸರುಕಾಳು ಕೇರುತ್ತಾಳೆ, ಎಂದೋ ಒಂದು ದಿನ ಉಪ್ಪು ಹೆಚ್ಚಾದಾಗ ಆ ಮಾತು ಮತ್ತೆ ಎದ್ದು ಬರುತ್ತದೆ: ಚೀಟಿಯಲ್ಲಿ ಸುಮ್ಮನೆ ಬಂದಿತ್ತೇನು? ಯಾರದೂ ಅಲ್ಲದ ತಪ್ಪು ಹತ್ತಿರವಿದ್ದವರ ಮೈಗೆ ಹತ್ತಿಕೊಳ್ಳುತ್ತದೆ. ಉಜ್ವಲಾ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ಬಿಗಿನ್ ಎಂದು ಬರೆದಳು. ನಿನ್ನೆಯ ವಾಕ್ಯವನ್ನೇ ಮತ್ತೆ ಬರೆದಳು, ವಿಧವೆ ಎಂಬಲ್ಲಿಗೆ ಬಂದು ಎಂಟರ್ ಒತ್ತಿದಳು, ಮೂರು ಚುಕ್ಕಿ ಬಂದವು. ಪರದೆಯನ್ನು ಇಬ್ಬರ ಕಡೆಗೂ ತಿರುಗಿಸಿದಳು.

"ನಿನ್ನಿ ಇಲ್ಲಿ ತನಕ ಬರದಿದ್ದೆ," ಎಂದಳು. ತನ್ನ ದನಿ ಬೇರೆ ಯಾರದೋ ಅನ್ನಿಸುವಷ್ಟು ಸಮನಾಗಿತ್ತು. "ಈ ಮಾತು ನಂದು. ನನ್ನ ಹೆಸರಿನ ಮುಂದ ಹಾಕೋದಿತ್ತು. ಹೆಸರು ಬರೀಲಾಕ ನಾಚಿಕಿ ಬಂತು, ಬಿಟ್ಟೆ. ಬಿಟ್ರ ಅದು ಎಲ್ಲರ ಮುಂದ ಹಾಕ್ತದ. ನಿನ್ನ ಚೀಟಿ ಅದಾ ಹೊತ್ತಿಗಿ ತೆಗದೆ." ಆಮೇಲೆ ವೇರ್ ಎಂದು ಬರೆದು ಹೆಸರು ಬರೆದಳು, ಅವರು ನೋಡುತ್ತಿರುವಾಗಲೇ, ಒಂದೊಂದೇ ಅಕ್ಷರ. ಅರ್ಧವಿರಾಮವಿಟ್ಟಳು. ಪರದೆ ಏನೂ ಅನ್ನಲಿಲ್ಲ. ಸಾಲು ಕೇಳಿದಳು. ಉಜ್ವಲಾ, ವಿಧವೆ. ಅವನ ಸಾಲು ಕೇಳಿದಳು. ಅಶ್ವಜಿತ, ವಿವಾಹಿತ. ಅವನು ಇನ್ನೂ ಅವಳ ಗಂಡನಾಗಿಯೇ ಇದ್ದ.

ಚಂದ್ರಭಾಗಾಬಾಯಿಯ ಕೈಯಲ್ಲಿ ಡಬ್ಬಿ ತೆರೆದಂತೆಯೇ ಇತ್ತು. "ಮತ್ತ ನಿನ್ನಿ... ನಮ್ಮನ್ಯಾಗ ಕುಂತು... ಯಜಮಾನ್ರು ಕೆಲಸ ಮಾಡ್ತಾರ ಅಂದಿ?"

"ಹೂಂರಿ."

"ನಾ ಅಂದದ್ದಕ್ಕ ಹೌದು ಅಂತ ತಲಿ ಹಾಕ್ದಿ?"

"ಹಾಕ್ದೇರಿ."

ಚಂದ್ರಭಾಗಾಬಾಯಿಗೆ ಸಿಟ್ಟು ಬಂದಿತ್ತೋ ಏನೋ. ಅದಕ್ಕೆ ದಾರಿ ಸಿಗಲಿಲ್ಲ. ಮುಖ ಮೆಲ್ಲಗೆ ಕೆಂಪಾಯಿತು. ಒಂದು ಪೇಡೆ ತೆಗೆದು ಕೊಡಬೇಕೋ ಬೇಡವೋ ತಿಳಿಯದೆ ಬೆರಳ ನಡುವೆ ಹಿಡಿದು ನಿಂತಳು. ಕರುಣಾ ಪರದೆಯನ್ನು ಇನ್ನೂ ಓದುತ್ತಿದ್ದಳು. ಓದಿ ಮುಗಿಸಿ, ಉಜ್ವಲಾಳ ಕಡೆಗೊಮ್ಮೆ ನೋಡಿದಳು. ಕ್ಷಮಿಸಿದ ನೋಟವಲ್ಲ ಅದು. ರಿಪೋರ್ಟು ಸಿಕ್ಕಿತು ಎಂಬಂಥ ನೋಟ. ಆಮೇಲೆ ಚಂದ್ರಭಾಗಾಬಾಯಿಗೆ ಹೇಳಿದಳು: "ಅತ್ತೆರಿ ಅಂತ ಕರೀಬೇಕೋ ಬ್ಯಾಡೋ ಇನ್ನ ನಾ ವಿಚಾರ ಮಾಡ್ತೇನಿ. ಮೊದಲ ನಮ್ಮಪ್ಪನ ಭಾಲ್ಕಿಗಿ ಕಳಸ್ತೇನಿ. ಮನಿ ಮನಿಗಿ ಕೇಳ್ಕೋತ ಬರ್ಲಿ, ನೀವು ಹ್ಯಾಂಗ ಅಂತ."

ಎರಡನೇ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಉಜ್ವಲಾ ತಲೆಯೆತ್ತಿದಾಗ ಶಾಲುಬಾಯಿ ನೋಡುತ್ತಿದ್ದಳು. ನಗುತ್ತಿರಲಿಲ್ಲ. ಪರದೆಯ ಅಕ್ಷರ ಅಲ್ಲಿಗೆ ಕಾಣುವಂತಿರಲಿಲ್ಲ, ಆದರೂ ಮುದುಕಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಮಗ ಎರಡನೇ ಸಲ ಹೊರಟಂತೆ. ಹಾಕು ಹಾಕು ಎಂದವಳು ಅವಳೇ. ಅವಳನ್ನು ನೋಡುತ್ತ ಉಜ್ವಲಾಳ ಮೂಗಿನ ಒಳಗೆ ಏನೋ ಉರಿಯತೊಡಗಿತು. ಇಷ್ಟು ದಿನದ ಮೇಲೆ ಅದು ಯಾವುದರ ಗುರುತೆಂದು ಅವಳಿಗೆ ತಕ್ಷಣ ಹೊಳೆಯಲಿಲ್ಲ.

ಕಮಿಟ್ ಇನ್ನೂ ಆಗಿರಲಿಲ್ಲ. ಇಲ್ಲಿ, ಈ ಕಪ್ಪು ಕಿಟಕಿಯಲ್ಲಿ ಮಾತ್ರ ಅವಳು ವಿಧವೆ. ಮುಚ್ಚಿಬಿಟ್ಟರೆ ಫೈಲಿಗೆ ಏನೂ ಗೊತ್ತಾಗುವುದಿಲ್ಲ. ಕೇಳಬೇಕಾದವರು ಕೇಳಿಯಾಯಿತು, ಕರುಣಾಳ ಮೇಲಿನ ಮಾತು ಇಳಿಯಿತು. ಇನ್ನುಳಿದದ್ದು ಅವಳೊಬ್ಬಳ ಲೆಕ್ಕ. ಅವಳು ಕಮಿಟ್ ಎಂಬ ಆರು ತಟ್ಟಿನ ಮಾತನ್ನು ಬರೆದಳು, ಚಿಹ್ನೆ ಇಟ್ಟಳು, ಎಂಟರಿನ ಮೇಲೆ ಬೆರಳಿಟ್ಟಳು. ತುಟಿ ಒಡೆದು ನಕ್ಕ ಮುಖ ಬಂದು ಪರದೆಯ ಮೇಲೆ ತನ್ನ ನೆರಳಿನ ಜೊತೆ ಕೂತಿತು.

ಮೇಲೆ ವೇದಿಕೆಯಲ್ಲಿ ಒಬ್ಬ ಹುಡುಗ ಅಂಗಿ ಸರಿಮಾಡಿಕೊಳ್ಳುತ್ತ ಕಾಯುತ್ತಿದ್ದ. ಕಾಕಾ ಮೈಕು ಮುಚ್ಚದೆಯೇ ಬಾಗಿದರು. "ಉಜ್ವಲಾ, ಮುಂದಿನ ಚೀಟಿ ಕೊಡವ್ವ." ಇಡೀ ಭವನಕ್ಕೆ ಅವಳ ಹೆಸರು ಕೇಳಿಸಿತು.

"ಒಂದು ನಿಮಿಷರಿ ಕಾಕಾ," ಎಂದಳು ಉಜ್ವಲಾ. "ಇದು ಮುಗೀಲಿ."

ಈ ಸಲ ಎಂಟರ್ ಒತ್ತಲು ಅವಳಿಗೆ ನಿಜವಾಗಿಯೂ ಒಂದು ನಿಮಿಷ ಹಿಡಿಯಿತು.